ಚಿತ್ರದಲ್ಲಿ ತೋರಿಸಿದಂತೆ

"ಮಾತಾಡ್ತು! ಕೇಳಿದೇನಲೇ, ಮಾತಾಡ್ತು!" ಎಂದು ಜಲಾಲುದ್ದೀನ ಶಂಕರಲಿಂಗನ ಹೆಗಲು ಹಿಡಿದು ಅಲುಗಾಡಿಸಿದ.

ಕೇಳಿತ್ತು. ಕಂಪ್ಯೂಟರಿನ ಎರಡು ಬದಿಗಿಟ್ಟಿದ್ದ ಸಣ್ಣ ಸ್ಪೀಕರುಗಳಿಂದ ಮೂಗಿನಲ್ಲಿ ಮಾತಾಡುವ ಗಂಡಸಿನ ದನಿಯೊಂದು ಇಂಗ್ಲಿಷಿನಲ್ಲಿ ಗಡಗಡ ಏನೋ ಹೇಳಿ ಸುಮ್ಮನಾಗಿತ್ತು. ಶಂಕರಲಿಂಗನಿಗೆ ಅದರಲ್ಲಿ ಒಂದು ಶಬ್ದವೂ ಹತ್ತಲಿಲ್ಲ. ಅವನು ಮುಂದೆ ಬಾಗಿ, ಬೆರಳಿನಿಂದ ಸವರಿ, ಒಂದು ಗುಂಡಿ ಒತ್ತಿದ. "ಎಸ್" ಎಂದಿತು ದನಿ. ಇನ್ನೊಂದು ಒತ್ತಿದ. "ಎಚ್" ಎಂದಿತು. ತನ್ನ ಹೆಸರನ್ನು ಪೂರ್ತಿ ಒತ್ತಿ ಜಾಗ ಬಿಟ್ಟೊಡನೆ ಅದು ಎಲ್ಲ ಅಕ್ಷರಗಳನ್ನೂ ಕೂಡಿಸಿ "ಶ್ಯಾಂಕ್ರಲಿಂಗಾ" ಎಂದು ಹೇಳಿ ಮುಗಿಸಿತು.

ಹಿಂದೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಅವನ ಹೆಂಡತಿ ಮಹೇಶ್ವರಿ ನಕ್ಕಳು. "ಯವ್ವಾ, ಹುಟ್ಟಿದಾಗಿಂದ ನಿಮ್ಮನ್ನ ಯಾರೂ ಹಂಗ ಕರದಿರಾಕಿಲ್ಲ ನೋಡ್ರಿ."

ಶಂಕರಲಿಂಗನೂ ನಕ್ಕ. ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕು ಬಹಳ ದಿನವಾಗಿತ್ತು.

ಇಳಕಲ್ಲಿನ ಆ ಓಣಿಯಲ್ಲಿ ಹೆಚ್ಚುಕಡಿಮೆ ಮನೆಗೊಂದು ಮಗ್ಗವಿತ್ತು. ನೇಕಾರರ ಮನೆಯಲ್ಲಿ ಹುಟ್ಟಿಯೂ ಶಂಕರಲಿಂಗ ಮಗ್ಗಕ್ಕೆ ಇಳಿದವನಲ್ಲ. ಬಾಗಲಕೋಟೆಯಲ್ಲಿ ಡಿ.ಟಿ.ಪಿ. ಕಲಿತು ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಹಾಕಿದ್ದ. ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ತೀರಿಹೋದವರ ವರ್ಷಾಂತಿಕದ ಕಾರ್ಡು ಎಲ್ಲ ಅವನಲ್ಲಿಗೇ ಬರುತ್ತಿದ್ದವು. ಒಂದು ಕೊಂಬು, ಒಂದು ದೀರ್ಘ ತಪ್ಪುವುದಿಲ್ಲ ಎಂದು ಹೆಸರಾಗಿದ್ದ. ಹಾಗಿರುವಾಗ ಒಮ್ಮೆ ಒಂದು ಲಗ್ನಪತ್ರಿಕೆಯಲ್ಲಿ ಮದುಮಗಳ ತಂದೆಯ ಹೆಸರಿನ ಮುಂದೆ 'ಲಿಂಗೈಕ್ಯ' ಎಂದು ಬಿದ್ದುಬಿಟ್ಟಿತು. ಹಳೆಯ ಪತ್ರಿಕೆಯೊಂದರ ಮೇಲೆ ಹೊಸ ಹೆಸರು ಹೊಂದಿಸುವಾಗ ತೆಗೆಯದೆ ಬಿಟ್ಟಿದ್ದ ಶಬ್ದ ಅದು. ಗಟ್ಟಿಮುಟ್ಟಾಗಿದ್ದ ಆ ಮನುಷ್ಯ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಅಂಗಡಿಯ ಬಾಗಿಲಲ್ಲಿ ಬಂದು ನಿಂತಾಗಲೇ ಶಂಕರಲಿಂಗನಿಗೆ ತಿಳಿದದ್ದು, ಪರದೆಯ ಎಡಬದಿ ತನಗೆ ಕಾಣುತ್ತಲೇ ಇಲ್ಲ ಎಂದು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ನರ ಒಣಗುತ್ತ ಬಂದಿದೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳೋಣ ಎಂದು ಹನಿ ಹಾಕಲು ಕೊಟ್ಟರು. ಉಳಿದದ್ದೂ ಮುಂದಿನ ಬೇಸಿಗೆಯ ಹೊತ್ತಿಗೆ ಹೋಯಿತು.

ಅಂಗಡಿ ಮುಚ್ಚಿದ ಮೇಲೆ ಕಂಪ್ಯೂಟರು ಮನೆಯ ಪಡಸಾಲೆಗೆ ಬಂತು. ಅತ್ತೆ ತೀರಿಕೊಂಡಂದಿನಿಂದ ಸುಮ್ಮನೆ ನಿಂತಿದ್ದ ಮಗ್ಗದಲ್ಲಿ ಮಹೇಶ್ವರಿ ಕೂತಳು. ಅವಳು ಚೊಳಚಗುಡ್ಡದವಳು. ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿ, ಮುಂದೆ ಓದುತ್ತೇನೆ ಅನ್ನುವಷ್ಟರಲ್ಲಿ ಈ ಮನೆಗೆ ಸೊಸೆಯಾಗಿ ಬಂದಿದ್ದಳು. ನೇಯುವುದನ್ನು ಕಲಿಸಿದ್ದು ಅತ್ತೆಯೇ.

ಆ ದನಿಯಿದ್ದ ಸಿ.ಡಿ. ತಂದದ್ದು ಜಲಾಲುದ್ದೀನ. ಅವನದು ಬಸ್‌ಸ್ಟ್ಯಾಂಡಿನ ಬಳಿ ಸೈಬರ್ ಕೆಫೆ. ಮೊದಲಿಗೆ ಇಬ್ಬರ ಅಂಗಡಿಗಳ ನಡುವೆ ಇದ್ದದ್ದು ಒಂದೇ ಗೋಡೆ.

"ಲಿನಕ್ಸ್ ಅಂತ. ವಿಂಡೋಸ್ ಇರ್ತೈತಲ್ಲ, ಹಂಗ ಇದೂ ಒಂದು," ಎಂದು ಅವನು ವಿವರಿಸಿದ್ದ. "ಇದಕ್ಕ ಮಾಲಕ ಅನ್ನಾಂವ ಇಲ್ಲ. ಕೇಳಿದವರಿಗೆಲ್ಲಾ ಪೋಸ್ಟಿನ್ಯಾಗ ಪುಕ್ಕಟ ಕಳಸ್ತಾರ. ಕಣ್ಣ ಕಾಣದವರಿಗೆ ಪರದೆ ಮ್ಯಾಲಿಂದೆಲ್ಲಾ ಓದಿ ಹೇಳೂದು ಇದರಾಗ ಮೊದಲಿಂದ ಐತಂತ. ವಿಂಡೋಸ್‌ನ್ಯಾಗೂ ಅಂಥಾದ್ದು ಸಿಗತೈತಿ, ಆದ್ರ ಅದರ ಬೆಲಿ ಕೇಳಿದ್ರ ಎದಿ ಒಡೀತೈತಿ."

ಆ ದನಿ ಬಂದ ದಿನ, ನಗು ಎಲ್ಲ ಮುಗಿದ ಮೇಲೆ ಶಂಕರಲಿಂಗ ಕೇಳಿದ, "ಮುಂದ?"

"ಮುಂದೇನು?"

"ಮುಂದ ಹೆಂಗ ನಡಸೂದು ಇದನ್ನ?"

ಜಲಾಲುದ್ದೀನ ಹೇಳಿದ, "ಖರೆ ಹೇಳ್ಬೇಕಂದ್ರ ನನಗೂ ಗೊತ್ತಿಲ್ಲೋ ದೋಸ್ತ. ಕಲಸೂದು ನೆಟ್‌ನ್ಯಾಗ ಬೇಕಾದಷ್ಟು ಇರ್ತೈತಿ. ಹುಡುಕಿ ತರ್ತೇನಿ."

ಹುಡುಕಿ ತಂದದ್ದೇನೋ ನಿಜ. ಹೊಸಬರ ಪಾಠ ಎಂದು ಹೆಸರಿದ್ದ ಹಾಳೆಗಳನ್ನು ಪ್ರಿಂಟು ತೆಗೆದು ತಂದ. ಕೂತು ಓದಿಯೂ ಹೇಳಿದ. ಪ್ರತಿಯೊಂದು ಪಾಠವೂ ನಾಲ್ಕು ಸಾಲು ನಡೆದು ಒಂದು ಚಿತ್ರದ ಮುಂದೆ ಬಂದು ನಿಲ್ಲುತ್ತಿತ್ತು. ಎಡಗಡೆ ಮೇಲೆ ಕಾಣುವ ಗುರುತನ್ನು ಒತ್ತಿ, ಕೆಳಗೆ ತೋರಿಸಿದ ಹಾಗೆ ಕಿಟಕಿ ತೆರೆಯುತ್ತದೆ, ಚಿತ್ರ ನೋಡಿ. ಕಾಣದವರಿಗೆಂದೇ ಬರೆದ ಪಾಠವೂ ಒಂದು ಸಿಕ್ಕಿತು. ಅದನ್ನು ಬರೆದವನು ಓದುವವನಿಗೆ ಲಿನಕ್ಸ್ ಮೊದಲೇ ಬರುತ್ತದೆ ಎಂದುಕೊಂಡಿದ್ದ. ಕೊನೆಗೆ ಜಲಾಲುದ್ದೀನ ಒಂದು ವಿಡಿಯೋ ಪಾಠ ಪತ್ತೆ ಮಾಡಿದ. ಇಳಕಲ್ಲಿನ ನಿಧಾನದ ನೆಟ್‌ನಲ್ಲಿ ಅದು ಇಳಿದು ಮುಗಿಯಲು ಪೂರಾ ಒಂದು ದಿನ ಹಿಡಿಯಿತು. ಸಿ.ಡಿ.ಗೆ ಹಾಕಿಕೊಂಡು ಓಡಿಬಂದು, "ವಿಡಿಯೋ ಅಂದ್ಮ್ಯಾಲ ಮಾತಾಡೇ ಮಾತಾಡ್ತಾರ, ಕೇಳು," ಎಂದು ಹಚ್ಚಿದ. ಸ್ಪೀಕರಿನಿಂದ ಗಿಟಾರಿನ ಸದ್ದು ಬಂತು. ಶಂಕರಲಿಂಗ ಕಿವಿಗೊಟ್ಟು ಕಾದ. ಗಿಟಾರು ನಡೆದೇ ಇತ್ತು.

"ಏನ್ ನಡದೈತಿ?"

"ಬಾಣದ ಗುರುತು ಅಡ್ಡಾಡಾಕತ್ತೈತಿ. ಒತ್ತತೈತಿ, ತಗೀತೈತಿ..." ಜಲಾಲುದ್ದೀನನ ದನಿ ಇಳಿಯಿತು. "ಬರೇ ಮ್ಯೂಸಿಕ್ ಹಾಕ್ಯಾರೋ."

ಅದಾದ ಮೇಲೆ ಬಾಗಲಕೋಟೆಗೆ ಹೋಗುವ ಮಾತು ಬಂತು. ಅಲ್ಲಿನ ಕಾಲೇಜೊಂದರಲ್ಲಿ ಲಿನಕ್ಸ್ ಕಲಿಸುವ ಮೇಷ್ಟ್ರಿದ್ದಾರೆಂದು ಜಲಾಲುದ್ದೀನನಿಗೆ ಯಾರೋ ಹೇಳಿದ್ದರು. ಮಹೇಶ್ವರಿ ಮಗ್ಗ ಬಿಟ್ಟು ಗಂಡನ ಕೈ ಹಿಡಿದು ಬಸ್ಸು ಹತ್ತಿದಳು. ಹುನಗುಂದ ದಾಟಿ, ಧೂಳು ಕುಡಿದು, ನವನಗರದಲ್ಲಿ ಇಳಿದು, ಒಂದೇ ನಮೂನೆಯ ಅಗಲವಾದ ರಸ್ತೆಗಳಲ್ಲಿ ಕೇಳುತ್ತ ಕೇಳುತ್ತ ಕಾಲೇಜು ಮುಟ್ಟಿದರು. ಆ ಮೇಷ್ಟ್ರು ಮೈಸೂರು ಕಡೆಯವರು, ಸಣ್ಣ ವಯಸ್ಸಿನವರು. ಇಬ್ಬರನ್ನೂ ಕೂರಿಸಿ ನೀರು ಕೊಟ್ಟು ಎಲ್ಲ ಸಮಾಧಾನವಾಗಿ ಕೇಳಿದರು.

"ತುಂಬ ಸಂತೋಷ. ನಿಮ್ಮಂಥವರು ಕಲಿಯಬೇಕು," ಎಂದರು. ಕಪಾಟು ತೆರೆದ ಸದ್ದಾಯಿತು. "ಇದನ್ನು ತೆಗೆದುಕೊಂಡು ಹೋಗಿ, ನನ್ನ ಹತ್ತಿರ ಇನ್ನೊಂದು ಪ್ರತಿ ಇದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ. ನಿಧಾನವಾಗಿ ಓದಿಕೊಳ್ಳಿ, ಎಲ್ಲ ಇದರಲ್ಲೇ ಇದೆ."

ಶಂಕರಲಿಂಗನ ಕೈಗೆ ಒಂದು ಇಟ್ಟಿಗೆಯಷ್ಟು ದಪ್ಪ ಪುಸ್ತಕ ಬಂತು. ಅವನು ಅದರ ನುಣ್ಣನೆಯ ರಟ್ಟು ಸವರಿದ. ತಾವು ಏನು ಕೊಟ್ಟೆವೆಂದು ಮೇಷ್ಟ್ರಿಗೂ ಆಗಲೇ ಹೊಳೆದಿರಬೇಕು. "ಮನೆಯಲ್ಲಿ... ಓದಿ ಹೇಳುವವರು ಇದ್ದಾರಲ್ಲವೇ?" ಎಂದು ತಡವರಿಸಿದರು.

"ನಾ ಅದೀನ್ರಿ," ಎಂದು ಮಹೇಶ್ವರಿ ಪುಸ್ತಕ ತೆಗೆದುಕೊಂಡಳು.

ಬಸ್ಸಿನಲ್ಲಿ ಬರುವಾಗ ಅವನು ಕೇಳಿದ, "ಪೂರಾ ಇಂಗ್ಲೀಷ ಐತಿ. ನಿನಗ ಓದಾಕ ಬರ್ತೈತೇನು?"

"ಅಕ್ಷರ ಬರ್ತಾವಲ್ರಿ. ನಾ ಅಕ್ಷರ ಓದ್ತೇನಿ, ಅರ್ಥ ನೀವ ಹೇಳ್ರಿ."

ಹಾಗೆ ಶುರುವಾಯಿತು. ಬೆಳಗಿನ ಕೆಲಸ ಮುಗಿದು ಮಗ್ಗಕ್ಕೆ ಕೂರುವ ಮೊದಲು ಅವಳು ಅವನ ಪಕ್ಕ ಸ್ಟೂಲು ಹಾಕಿಕೊಂಡು ಓದುತ್ತಿದ್ದಳು. ಬಾರದ ಶಬ್ದವನ್ನು ಅಕ್ಷರ ಬಿಡಿಸಿ ಹೇಳುತ್ತಿದ್ದಳು, ಅವನು ಕೂಡಿಸಿ ಕನ್ನಡ ಮಾಡುತ್ತಿದ್ದ. ಚಿತ್ರ ಬಂದಲ್ಲಿ ಕೆಲಸ ಅವಳದು.

"ಮ್ಯಾಲ ಒಂದು ಪಟ್ಟಿ ಐತ್ರಿ, ಸೀರಿ ಅಂಚಿನಂಗ ಈ ಕಡಿಂದ ಆ ಕಡಿಗೆ. ಎಡಕ್ಕ ಮೂರು ಹೆಸರದಾವು. ಮೊದಲನೇದ್ರ ಮ್ಯಾಲ ಒತ್ತಿದ್ರ ಅದರ ಕೆಳಗ ಉದ್ದಕ ಒಂದು ಯಾದಿ ಇಳೀತೈತಿ. ಬಾವ್ಯಾಗ ಹಗ್ಗ ಬಿಟ್ಟಂಗ."

"ಮೌಸ್ ಒತ್ತಾಕ ನನಗ ಎಲ್ಲಿ ಕಾಣಬೇಕು?"

"ತಡೀರಿ," ಎಂದು ಅವಳು ಹಾಳೆ ತಿರುವಿದಳು. ಪುಸ್ತಕದ ಕಟ್ಟಕಡೆಗೆ ಇದ್ದ ಕೆಲವು ಪುಟಗಳನ್ನು ಅವಳೇ ಕಂಡುಹಿಡಿದಿದ್ದಳು. ಅಲ್ಲಿ ಮೌಸ್ ಮುಟ್ಟದೆ ಬರೀ ಗುಂಡಿಗಳಿಂದ ಏನೇನು ಮಾಡಬಹುದು ಎಂದು ಬರೆದಿತ್ತು. "ಆಲ್ಟ್ ಹಿಡದು ಎಫ್ ಒನ್ ಒತ್ರಿ."

ಅವನು ಒತ್ತಿದ. "ಅಪ್ಲಿಕೇಶನ್ಸ್ ಮೆನು," ಎಂದಿತು ದನಿ. ಎರಡು ವರ್ಷದಲ್ಲಿ ಮೊದಲ ಸಲ ಅವನು ತಾನೇ ತೆರೆದ ಬಾಗಿಲು ಅದು.

ಮಳೆಗಾಲ ಅದರಲ್ಲೇ ಕಳೆಯಿತು. ಅವನು ಕಡತ ಮಾಡುವುದು, ಹೆಸರಿಟ್ಟು ಕಾಪಾಡುವುದು, ಮತ್ತೆ ಹುಡುಕಿ ತೆಗೆಯುವುದು ಎಲ್ಲ ಕಲಿತ. ಮೂಗಿನ ದನಿಯ ಇಂಗ್ಲಿಷು ಅವನ ಕಿವಿಗೆ ಪಳಗಿತು. ಓಣಿಯವರು ಬಾಗಿಲಲ್ಲಿ ನಿಂತು ಕೇಳಿ ಹೋಗುತ್ತಿದ್ದರು. ಶ್ರಾವಣದಲ್ಲಿ ಒಂದು ದಿನ ಅವನು ಏನೋ ಒತ್ತಿದ, ದನಿ ನಿಂತುಹೋಯಿತು. ಏನು ಮಾಡಿದರೂ ಬರಲಿಲ್ಲ. ಎದುರಿಗೆ ಕಂಪ್ಯೂಟರು ಗುಂಯ್ ಎನ್ನುತ್ತಿತ್ತು, ಅದರಲ್ಲಿ ಏನು ನಡೆದಿದೆ ಎಂದು ತಿಳಿಯಲು ಅವನಿಗೆ ದಾರಿಯೇ ಇರಲಿಲ್ಲ. "ಜಲಾಲುದ್ದೀನನ ಕರಸು," ಎಂದು ಕೂಗಿದ. ಮಹೇಶ್ವರಿ ಕುಣಿಯಿಂದ ಎದ್ದು ಬಂದು, "ಸ್ವಲ್ಪ ಸರೀರಿ," ಎಂದು ಅವನ ಮುಂದಿನಿಂದ ಕೈ ಚಾಚಿ ಗುಂಡಿ ಒತ್ತತೊಡಗಿದಳು. ಒಂದು ಉದ್ದನೆಯ ಸಾಲು. ಕೊನೆಗೆ ಎಂಟರ್. ದನಿ ತಿರುಗಿ ಬಂತು.

"ಏನ್ ಮಾಡಿದಿ?"

"ಕರೇ ಪರದೆ ತಗದು, ಮಾತಾಡೂ ಪ್ರೋಗ್ರಾಮಿನ ಹೆಸರ ಹೊಡದು ಮತ್ತ ಚಾಲೂ ಮಾಡಿದೆ. ಪುಸ್ತಕದಾಗ ಇತ್ತಲ್ರಿ, ಮೊನ್ನೆ ನಾನ ಓದಿದ್ದೆ."

ಅವನಿಗೆ ಅದು ನೆನಪಿರಲಿಲ್ಲ. ಅವಳು ಅರ್ಥ ಕೇಳುವುದನ್ನು ಯಾವಾಗ ಬಿಟ್ಟಳು ಎನ್ನುವುದೂ ನೆನಪಾಗಲಿಲ್ಲ.

ಅದಾಗಿ ಕೆಲವು ದಿನಕ್ಕೆ ಮಧ್ಯಾಹ್ನ ಊಟ ಮಾಡಿ ಒಳಗೆ ಮಲಗಿದ್ದವನಿಗೆ ಎಚ್ಚರವಾಯಿತು. ಮಗ್ಗದ ಸದ್ದು ಇರಲಿಲ್ಲ. ಕೀಲಿಮಣೆಯ ಸದ್ದಿತ್ತು. ದನಿ ಇಲ್ಲ, ಸ್ಪೀಕರು ಸಣ್ಣ ಮಾಡಿರಬೇಕು. ಶಂಕರಲಿಂಗ ಹತ್ತು ವರ್ಷ ಆ ಸದ್ದಿನಲ್ಲೇ ಬದುಕಿದವನು. ಒತ್ತುವವರಿಗೆ ಕೆಲಸ ಬರುತ್ತದೋ ಇಲ್ಲವೋ ಎಂಬುದು ಸದ್ದಿನ ಮೇಲೆಯೇ ಅವನಿಗೆ ತಿಳಿಯುತ್ತಿತ್ತು. ಒಂದಿಷ್ಟು ಗುಂಡಿ, ಸ್ವಲ್ಪ ತಡೆ, ಮತ್ತೆ ಒಂದಿಷ್ಟು. ತಡೆದಾಗ ಅವಳು ಪರದೆ ನೋಡುತ್ತಿದ್ದಾಳೆ. ತಪ್ಪಿದ್ದನ್ನು ಕಾಣುತ್ತಾಳೆ, ತಿದ್ದುತ್ತಾಳೆ, ಮುಂದೆ ಹೋಗುತ್ತಾಳೆ. ತನಗೆ ಒಂದು ಗಂಟೆ ಹಿಡಿಯುವುದು ಅವಳಿಗೆ ಒಂದು ನೋಟಕ್ಕೆ ಆಗುತ್ತದೆ. ಅವನು ಗೋಡೆಯ ಕಡೆ ಹೊರಳಿದ. ಅವಳು ಎದ್ದು ಸ್ಪೀಕರು ದೊಡ್ಡದು ಮಾಡಿ ಮಗ್ಗಕ್ಕಿಳಿಯುವವರೆಗೂ ನಿದ್ದೆ ಬಂದವನಂತೆ ಬಿದ್ದುಕೊಂಡಿದ್ದ. ಅವಳು ಕೇಳಿ ಮಾಡಿದ್ದರೆ ಅವನೇನು ಬೇಡ ಎನ್ನುತ್ತಿರಲಿಲ್ಲ. ಕೇಳದೆ ಮಾಡಿದ್ದೂ ಏನು ಕಳವಲ್ಲ. ಆದರೂ ಎದ್ದ ಮೇಲೆ ಅವನು ಸ್ಪೀಕರಿನ ಗುಂಡಿಯನ್ನು ಸವರಿ ನೋಡಿದ.

ಇಷ್ಟೆಲ್ಲ ದಿನ ಅವನು ಒಂದು ವಿಷಯವನ್ನು ಮುಟ್ಟದೆ ದೂರ ಇಟ್ಟಿದ್ದ. ಕನ್ನಡ. ಕಲಿತಾದ ಮೇಲೆ ಅಂಗಡಿ ಮತ್ತೆ ತೆರೆಯಬಹುದು, ಮೊದಲಿನ ಹಾಗೆ ಲಗ್ನಪತ್ರಿಕೆ ಹೊಂದಿಸಬಹುದು ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ. ದಸರೆಯ ಮುಂಚೆ ಮಹೇಶ್ವರಿಯೇ ಪುಸ್ತಕದಲ್ಲಿ ಬೇರೆ ಭಾಷೆಗಳ ಕೀಲಿಮಣೆ ಕೂಡಿಸುವ ಪಾಠ ಹುಡುಕಿ ಓದಿದಳು. ಇಬ್ಬರೂ ಕೂಡಿ ಕನ್ನಡ ಹಾಕಿದರು. ಯಾವ ಅಕ್ಷರ ಯಾವ ಗುಂಡಿಯ ಮೇಲಿದೆ ಎಂದು ಅವಳು ಒಂದೊಂದಾಗಿ ಹೇಳಿದಳು. ಅವನು ಒತ್ತಿದ. ದನಿ ಬರಲಿಲ್ಲ. ಮತ್ತೆ ಒತ್ತಿದ. ಇಡೀ ಒಂದು ಸಾಲು, ಅವನ ಕೈಗೆ ರೂಢಿಯಾಗಿದ್ದ ಸಾಲು, ಬಂಧು ಬಾಂಧವರೆಲ್ಲ ಬಂದು ವಧೂವರರನ್ನು ಹರಸಬೇಕೆಂದು ವಿನಂತಿ. ಸಾಲಿನ ತುದಿಗೆ ಬಂದು ಬಾಣದ ಗುಂಡಿಯಿಂದ ಹಿಂದೆ ಹೋದ. ಇಂಗ್ಲಿಷಿನ ಒಂದು ಅಕ್ಷರ ಬಂದರೂ ಕೂಗಿ ಹೇಳುತ್ತಿದ್ದ ಯಂತ್ರ ಅಷ್ಟುದ್ದದ ಕನ್ನಡದ ಮೇಲೆ ಬಾಯಿ ಬಿಡದೆ ಹಾಯ್ದುಹೋಯಿತು.

"ಛಲೋ ಮೂಡ್ಯಾವ್ರಿ," ಎಂದಳು ಮಹೇಶ್ವರಿ. "ಒಂದೂ ತಪ್ಪಿಲ್ಲ. ಎಲ್ಲಾ ಕಾಣಸ್ತಾವು."

"ನಿನಗ ಕಾಣಸ್ತಾವು."

"ಮುಂದ ಕನ್ನಡಾನೂ ಓದೂದು ಬರಬಹುದ್ರಿ. ಜಲಾಲುದ್ದೀನಣ್ಣಾಗ ಕೇಳಿದ್ರ—"

"ಆಫ್ ಮಾಡು."

ಅವಳು ಆಫ್ ಮಾಡಿದಳು. ಆ ವಾರ ಪುಸ್ತಕ ತೆರೆಯಲಿಲ್ಲ.

ಅಂಥ ದಿನಗಳಲ್ಲೇ ಅಮಾತೆಪ್ಪ ಮಾಸ್ತರು ಬಂದರು. ಹುನಗುಂದದ ದಾರಿಯಲ್ಲಿ ಬರುವ ಒಂದು ಹಳ್ಳಿಯ ಪ್ರೌಢಶಾಲೆಗೆ ಅವರು ಹೆಡ್‌ಮಾಸ್ತರು. ಕರೆದುಕೊಂಡು ಬಂದವನು ಜಲಾಲುದ್ದೀನ.

"ಸರಕಾರದಿಂದ ಕಂಪ್ಯೂಟರ್ ಬಂದಾವ್ರಿ," ಎಂದು ಮಾಸ್ತರು ಕುರ್ಚಿಯಲ್ಲಿ ಕೂರುತ್ತಲೇ ಶುರುಮಾಡಿದರು. "ಎಲ್ಲಾದರಾಗೂ ಈ ಲಿನಕ್ಸ ತುಂಬಿ ಕಳಿಸ್ಯಾರ. ನಮ್ಮಲ್ಲೆ ಯಾರಿಗೂ ಗೊತ್ತಿಲ್ಲ. ಹುಡುಗ್ರು ದಿನಾ ಕಿಡಕ್ಯಾಗ ಹಣಿಕಿ ಹಾಕಿ ನೋಡಿ ಹೋಗ್ತಾವು. ಕಲಸ್ಲಿಕ್ಕೆ ಒಬ್ಬರನ್ನ ಇಟ್ಕೋಳ್ರಿ ಅಂತ ಕಮಿಟಿಯವ್ರು ಒಪ್ಪ್ಯಾರ. ಇವರು ನಿಮ್ಮ ಹೆಸರ ಹೇಳಿದ್ರು. ಇಡೀ ಇಳಕಲ್ಲಿನ್ಯಾಗ ಇದು ಬಲ್ಲಾವ್ರು ನೀವೊಬ್ಬರ ಅಂತಂದ್ರು. ಸ್ವಲ್ಪ ಇಲ್ಲಿ ನೋಡ್ರಿ, ಚಾಲೂ ಮಾಡಿದ್ರ ಹಿಂಗೊಂದು ಬರ್ತೈತಿ..."

ಹಾಳೆಯ ಸದ್ದಾಯಿತು. ಮಾಸ್ತರು ಪರದೆಯ ಮೇಲೆ ಬಂದದ್ದನ್ನು ಬರೆದು ತಂದಿದ್ದರು. ಶಂಕರಲಿಂಗ ಕೈ ಚಾಚಿದ. ಚಾಚಿದ ಕೈ ಹಾಳೆಯಿಂದ ದೂರ ಹೋಯಿತು. ಜಲಾಲುದ್ದೀನ ಅವರಿಗೆ ಕಣ್ಣಿನ ವಿಷಯ ಹೇಳಿರಲೇ ಇಲ್ಲ.

"ಓಹೋ," ಎಂದರು ಮಾಸ್ತರು. ಆಮೇಲೆ ಮೆಲ್ಲಗೆ, "ತಪ್ಪ ತಿಳ್ಕೋಬ್ಯಾಡ್ರಿ. ಹುಡುಗೂರ ಪರದೆ ಮ್ಯಾಲ ಏನ್ ಮಾಡ್ಯಾವು ಅಂತ ನಿಮಗ ಹೆಂಗ ತಿಳೀತೈತಿ?"

"ಕಂಪ್ಯೂಟರ್ ಮಾತಾಡ್ತೈತ್ರಿ."

"ಹೌದು ಖರೆ. ಎಲ್ಲಾ ಕೂಡಿ ಒಮ್ಮೆಲೇ ಮಾತಾಡಿದ್ರ?"

ಅದು ಕೊಂಕಿನ ಪ್ರಶ್ನೆಯಾಗಿರಲಿಲ್ಲ. ಶಂಕರಲಿಂಗ ಚಾಚಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಜಲಾಲುದ್ದೀನ ಆ ಹಾಳೆಯನ್ನು ತಾನೇ ಗಟ್ಟಿಯಾಗಿ ಓದಿದ. ಓದಿ ಮುಗಿಸುವಷ್ಟರಲ್ಲಿ ಮಗ್ಗದ ಕಡೆಯಿಂದ ಮಹೇಶ್ವರಿಯ ದನಿ ಬಂತು. "ಅದು ಹೆಸರು ಕೇಳ್ತೈತ್ರೀ ಸರ್. ಹಾಕಿಕೊಟ್ಟಾವ್ರು ಒಂದು ಹೆಸರು, ಒಂದು ಗುಟ್ಟಿನ ಶಬ್ದ ಇಟ್ಟಿರ್ತಾರ. ಕಂಪ್ಯೂಟರ್ ಜೋಡಿ ಬಂದ ಕಾಗದದಾಗ ಇರ್ತೈತಿ ನೋಡ್ರಿ. ಒಳಗ ಹ್ವಾದ ಮ್ಯಾಲ ಹುಡುಗ್ರಿಗೆ ಬ್ಯಾರೆ ಬ್ಯಾರೆ ಹೆಸರು ಮಾಡಿ ಕೊಡಬಹುದು."

ಕುರ್ಚಿ ನೆಲಕ್ಕೆ ಉಜ್ಜಿದ ಸದ್ದು. ಮಾಸ್ತರು ಮಗ್ಗದ ಕಡೆ ತಿರುಗಿ ಕೂತಿದ್ದರು. "ತಂಗೀ, ನಿನಗೂ ಬರ್ತೈತೇನವ್ವಾ ಇದು?"

ಮಹೇಶ್ವರಿ ಉಸಿರು ಎಳೆದುಕೊಂಡದ್ದು ಶಂಕರಲಿಂಗನಿಗೆ ಕೇಳಿಸಿತು. ಅವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿದ, "ಆಕಿಗೇನೂ ಬರಂಗಿಲ್ರಿ. ಪುಸ್ತಕ ಓದಿ ಹೇಳ್ತಾಳ, ಅಷ್ಟ. ನಾ ಹೇಳಿದ್ದು ಕೇಳಿ ಕೇಳಿ ಗಿಣಿ ಹಂಗ ಅಂತಾಳ."

ಜಲಾಲುದ್ದೀನ ಕೆಮ್ಮಿದ.

"ಹೌದೇನವ್ವಾ?" ಎಂದು ಮಾಸ್ತರು ಅವಳನ್ನೇ ಕೇಳಿದರು.

"ಹೌದ್ರಿ," ಎಂದಳು ಮಹೇಶ್ವರಿ.

ಅವಳು ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದಳು. ಮಾಸ್ತರು ಮಳೆ ಬೆಳೆಯ ಮಾತಾಡುತ್ತ ಚಹಾ ಕುಡಿದು, ಕಮಿಟಿಯವರನ್ನು ಕೇಳಿ ಹೇಳುತ್ತೇನೆ ಎಂದು ಎದ್ದರು. ಹೊರಗೆ ಓಣಿಯಲ್ಲಿ ಜಲಾಲುದ್ದೀನ ಅವರಿಗೆ ಏನೋ ಹೇಳುತ್ತ ಹೋದದ್ದು ಕೇಳಿತು, ಏನೆಂದು ತಿಳಿಯಲಿಲ್ಲ. ಮಹೇಶ್ವರಿ ಬಟ್ಟಲು ತೊಳೆದಿಟ್ಟು ಮಗ್ಗಕ್ಕಿಳಿದಳು. ಶಂಕರಲಿಂಗ ಅವಳು ಬೈಯುತ್ತಾಳೆಂದು ಕಾದ, ಅಳುತ್ತಾಳೆಂದು ಕಾದ. ಸಂಜೆವರೆಗೂ ಮಗ್ಗದ ಸದ್ದು ಒಂದೇ ಸಮ ಬಂತು. ಊಟಕ್ಕೆ ಬಡಿಸುವಾಗ ಪಲ್ಯ ಇನ್ನಷ್ಟು ಹಾಕಲೇ ಎಂದು ದಿನದ ಹಾಗೆಯೇ ಕೇಳಿದಳು.

ಮರುದಿನ ಬೆಳಿಗ್ಗೆ ಅವಳೇ ಬಂದು ಸ್ಟೂಲು ಹಾಕಿ ಕೂತು ಪುಸ್ತಕ ತೆರೆದಾಗ ಅವನಿಗೆ ಎಷ್ಟೋ ಹಗುರಾಯಿತು. ಅವಳು ಓದಿದಳು. ಮೊದಲಿಗೆ ಅವನಿಗೆ ಏನೂ ಬೇರೆ ಅನ್ನಿಸಲಿಲ್ಲ. ಚಿತ್ರ ಬಂದಿತು. "ಆಸ್ ಶೋನ್ ಇನ್ ದಿ ಫಿಗರ್," ಎಂದು ಓದಿ ಅವಳು ಮುಂದಿನ ಸಾಲಿಗೆ ಹೋದಳು.

"ತಡಿ. ಚಿತ್ರದಾಗ ಏನೈತಿ?"

"ಏನೋ ಐತ್ರಿ. ನನಗ ತಿಳಿಯಂಗಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಮುಂದೆ ಓದಿದಳು. ಕಷ್ಟದ ಶಬ್ದಗಳನ್ನು ಅಕ್ಷರ ಬಿಡಿಸಿ ಹೇಳಿದಳು, ಮೊದಲ ದಿನಗಳಲ್ಲಿ ಹೇಳುತ್ತಿದ್ದಂತೆ. ಅರ್ಥ ಅವನು ಹೇಳಲಿ ಎಂದು ನಿಂತಳು. ಆ ಶಬ್ದಗಳು ಅವಳಿಗೆ ಎಂದೋ ಬಾಯಿಗೆ ಬಂದಿದ್ದವೆಂದು ಇಬ್ಬರಿಗೂ ಗೊತ್ತಿತ್ತು. ದಿನಾಲೂ ಹೀಗೇ ನಡೆಯಿತು. ಓದುವುದನ್ನು ಅವಳು ಒಂದು ದಿನವೂ ತಪ್ಪಿಸಲಿಲ್ಲ. ಪುಟದ ಮೇಲೆ ಏನಿದೆಯೋ ಅಷ್ಟು ಓದಿ, ಇಲ್ಲದ್ದನ್ನು ಒಂದು ಮಾತೂ ಕೂಡಿಸದೆ ಎದ್ದು ಹೋಗುತ್ತಿದ್ದಳು. ಮಧ್ಯಾಹ್ನ ಮಲಗಿದಾಗ ಅವನು ಕೀಲಿಮಣೆಯ ಸದ್ದಿಗಾಗಿ ಕಿವಿ ಇಟ್ಟುಕೊಂಡಿರುತ್ತಿದ್ದ. ಬರುತ್ತಿದ್ದದ್ದು ಮಗ್ಗದ ಸದ್ದು. ಒಂದು ದಿನ ಬೇಕೆಂದೇ ದನಿಯನ್ನು ಕೆಡಿಸಿ, "ನೋಡು ಬಾ, ನಿಂತುಬಿಡ್ತು," ಎಂದು ಕೂಗಿದ. "ಜಲಾಲುದ್ದೀನಣ್ಣಾಗ ಹೇಳಿ ಕಳಸ್ತೇನ್ರಿ," ಎಂದಳು ಕುಣಿಯಿಂದಲೇ.

ದೀಪಾವಳಿ ಕಳೆದ ಮೇಲೆ ಅವನು ಜಲಾಲುದ್ದೀನನ ಮೋಟರ್‌ಸೈಕಲ್ಲಿನ ಹಿಂದೆ ಕೂತು ಆ ಹಳ್ಳಿಯ ಶಾಲೆಗೆ ಹೋದ. ಮಹೇಶ್ವರಿಗೆ ಹೇಳಲಿಲ್ಲ. ದಾರಿಯಲ್ಲಿ ಜಲಾಲುದ್ದೀನ ಒಮ್ಮೆ ಮಾತ್ರ ಬಾಯಿ ಬಿಟ್ಟ. "ಅವತ್ತ ನಾ ಮಾಸ್ತರಿಗೆ ಹೇಳ್ದೆ ಲೇ, ಆಕಿಗೆ ಬರ್ತೈತಿ ಅಂತ. ಗಂಡ ಹೆಂಡ್ತಿ ಇಬ್ರೂ ಇಲ್ಲಂದ್ಮ್ಯಾಲ ನಾ ಹೆಂಗ ಕರಕೊಂಡ ಹೋಗ್ಲಿ ಅಂದ್ರು."

ಅಮಾತೆಪ್ಪ ಮಾಸ್ತರು ವರಾಂಡದಲ್ಲೇ ಕುರ್ಚಿ ಹಾಕಿಸಿದರು. ಪಕ್ಕದ ಕೋಣೆಯಲ್ಲಿ ಹುಡುಗಿಯರು ಪದ್ಯ ಒಪ್ಪಿಸುತ್ತಿದ್ದರು. ಶಂಕರಲಿಂಗ ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತೆಲ್ಲ ಬಿಟ್ಟು ಒಮ್ಮೆಲೇ ಹೇಳಿದ, "ಅವತ್ತ ನಾ ಸುಳ್ಳ ಹೇಳಿದ್ದೆ ಸರ್. ಆಕಿಗೆ ಎಲ್ಲಾ ಬರ್ತೈತಿ. ನನಗಿಂತ ಛಲೋ ಬರ್ತೈತಿ."

"ನನಗೂ ಅನಿಸಿತ್ತು ತಮ್ಮಾ," ಎಂದರು ಮಾಸ್ತರು. "ಆದ್ರ ಈಗ ಆ ಲಿನಕ್ಸ ಇಲ್ಲ. ನಮ್ಮ ಕಮಿಟಿಯವರೊಬ್ಬರ ಸಂಬಂಧಿಕ ಬಂದು ಅದನ್ನೆಲ್ಲಾ ಅಳಿಸಿ ವಿಂಡೋಸ್ ಹಾಕ್ಯಾನ. ಹುಡುಗ್ರಿಗೂ ಅವನ ಕಲಸ್ತಾನ. ಕಲಸ್ತಾನಂದ್ರ, ವಾರದಾಗ ಒಂದಿನ ಬಂದ್ರ ಬಂದ. ಉಳದ ದಿನ ಕೋಣಿ ಕೀಲಿ ಹಾಕಿರ್ತೈತಿ."

"ಹೌದ್ರಿ," ಎಂದ ಶಂಕರಲಿಂಗ.

"ನೋಡ್ತೀರೇನು?" ಎಂದು ಕೇಳಿಬಿಟ್ಟು ಮಾಸ್ತರು ನಾಲಿಗೆ ಕಚ್ಚಿಕೊಂಡರು. ಶಂಕರಲಿಂಗ ಎದ್ದು, ಮಾಸ್ತರ ದನಿ ಬಂದ ಕಡೆಗೆ ಕೈ ಮುಗಿದ.

ಮನೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಬಿಸಿಲು ಹೊಸ್ತಿಲಿನಿಂದ ಜಾರಿತ್ತು, ಚಪ್ಪಲಿ ಬಿಟ್ಟ ಅವನ ಕಾಲಿಗೆ ಕಲ್ಲು ತಣ್ಣಗೆ ಹತ್ತಿತು. ಮಗ್ಗ ನಡೆದಿತ್ತು. ಅವನು ಕಂಪ್ಯೂಟರಿನ ಕುರ್ಚಿಯನ್ನು ದಾಟಿ ಮಗ್ಗದ ಹತ್ತಿರ ನೆಲದ ಮೇಲೆ ಕೂತ.

"ಸಾಲಿಗೆ ಹೋಗಿದ್ದೆ," ಎಂದ. "ಅಮಾತೆಪ್ಪ ಮಾಸ್ತರಗ ಖರೆ ಹೇಳಿ ಬಂದೆ."

ಮಗ್ಗ ನಿಂತಿತು. "ಏನಂದ್ರು?"

"ಬ್ಯಾರೆದಂವ ಬಂದಾನಂತ. ಲಿನಕ್ಸೂ ತಗದಾರಂತ."

"ಹೌದೇನ್ರಿ," ಎಂದಳು. ಮತ್ತೆ ಲಾಳಿ ಓಡಿತು. ಅವನು ಅಲ್ಲೇ ಕೂತಿದ್ದ. ಸ್ವಲ್ಪ ಹೊತ್ತಿಗೆ ಲಾಳಿಯಲ್ಲಿ ನೂಲು ಮುಗಿಯಿತು. ಓಣಿಯ ಶಾರವ್ವ ದಿನಾ ಬಂದು ಲಾಳಿಯೊಳಗೆ ಕೂರುವ ಸಣ್ಣ ಕಂಡಿಕೆಗಳಿಗೆ ನೂಲು ಸುತ್ತಿಕೊಟ್ಟು ಹೋಗುತ್ತಿದ್ದಳು, ಜ್ವರ ಬಂದು ಎರಡು ದಿನದಿಂದ ಬಂದಿರಲಿಲ್ಲ. ಮಹೇಶ್ವರಿ ಸೊಂಟ ಹಿಡಿದುಕೊಂಡು ಕುಣಿಯಿಂದ ಮೇಲೇಳುವುದು ಕೇಳಿಸಿತು.

"ಕುಂದರು ನೀ," ಎಂದ ಶಂಕರಲಿಂಗ. "ನಾ ಸುತ್ತತೇನಿ."

ಅವಳು ಬೇಡ ಎನ್ನಲಿಲ್ಲ. ರಾಟಿಯನ್ನು ತಂದು ಅವನ ಮುಂದಿಟ್ಟು, ಒಂದು ಕೈಯನ್ನು ಹಿಡಿಕೆಯ ಮೇಲೆ ಇರಿಸಿ, ಇನ್ನೊಂದು ಕೈಯ ಬೆರಳುಗಳ ನಡುವೆ ನೂಲು ಕೊಟ್ಟಳು. ಅವಳ ಬೆರಳು ಒರಟಾಗಿದ್ದವು. ಅವನು ತಿರುಗಿಸಿದ. ಮೊದಲು ನೂಲು ಸಡಿಲಾಗಿ ಸಿಕ್ಕು ಬಿತ್ತು. ಬಿಡಿಸಿ ಮತ್ತೆ ಹಿಡಿದ. ತಾಯಿ ಸುತ್ತುವಾಗ ನೋಡಿದ್ದನ್ನು ನೆನೆದು ಬೆರಳನ್ನು ಅತ್ತ ಇತ್ತ ಆಡಿಸಿದ. ನೂಲು ಬಿಗಿಯಾಗಿ, ಅಲ್ಲಲ್ಲಿ ಸಣ್ಣ ಗಂಟು ಬೆರಳಿಗೆ ತಾಗಿಸುತ್ತ, ಓಡತೊಡಗಿತು. ಒಂದು ಕಂಡಿಕೆ ತುಂಬಿತು. ಅವಳು ತೆಗೆದುಕೊಂಡು ಹೋಗಿ ಲಾಳಿಗೆ ಹಾಕಿ ನೇಯತೊಡಗಿದಳು. ಅವನು ಇನ್ನೊಂದು ಹಚ್ಚಿದ.

"ಯಾವ ಬಣ್ಣ ಇದು?" ಎಂದು ಕೇಳಿದ.

ಮಗ್ಗ ನಿಂತಿತು. ಅಕ್ಕಪಕ್ಕದ ಮನೆಗಳ ಮಗ್ಗಗಳ ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು. ಅವಳು ಬಣ್ಣ ಹೇಳುತ್ತಾಳೆಂದು ಅವನು ರಾಟಿ ಹಿಡಿದು ಕಾದ. ಆಮೇಲೆ ಲಾಳಿ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಓಡಿತು, ತಿರುಗಿ ಬಂತು.